ರೊಟ್ಟಿ ಬಡಿಯುವ ಸಪ್ಪಳ

ಬೆಳಗಾವಿ, ವಿದ್ಯಾರ್ಥಿನಿಯರ ಹಾಸ್ಟೆಲ್
ಮಂಗಳವಾರ, ೧೨ ನವೆಂಬರ್ ೨೦೨೪

ಅವ್ವಾ,

ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳಿದರೆ ಆರಾಮ ಇದ್ದೇನೆ ಎನ್ನುತ್ತೀ, ನನಗೆ ಸಿಟ್ಟು ಬರುತ್ತದೆ. ನಿನ್ನ ಫೋನನ್ನು ಅಪ್ಪ ಕಸಿದುಕೊಂಡಿರುವುದರಿಂದ, ದವಾಖಾನೆಗೆಂದು ಇಲ್ಲಿಗೆ ಬಂದಿರುವ ಪಕ್ಕದ ಮನೆಯ ಬಾಳವ್ವ ಚಿಗವ್ವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಡು ಎಂದಿದ್ದೇನೆ. ಆ ಡಬ್ಬಿಗೆ ಅಪ್ಪನ ಕೈ ಯಾವತ್ತೂ ಹೋಗಿಲ್ಲ.

ಇತಿಹಾಸ ಎಂ.ಎ. ಓದುವವರೂ ಬೇರೆ ವಿಭಾಗದ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು, ನಾನು ಸಿನಿಮಾ ಮತ್ತು ಮಾಧ್ಯಮ ಆರಿಸಿಕೊಂಡೆ ಎಂದು ಹೇಳಿದ್ದೆನಲ್ಲ. ‘ಸಿನಿಮಾ ನೋಡಾಕ ಎಂ.ಎ. ಯಾಕ ಬೇಕ?’ ಎಂದು ಅಪ್ಪ ನಕ್ಕಿದ್ದ. ಅವನ ಮುಖ ನೋಡಿಕೊಂಡು ನೀನೂ ನಕ್ಕಿದ್ದೆ. ದೀಪಾವಳಿ ರಜೆಗೆ ಬಸವಪ್ರಸಾದ ಸರ್ ನಮಗೊಂದು ಕೆಲಸ ಹಚ್ಚಿದ್ದರು. ಮನೆಯ ಒಂದು ಸಪ್ಪಳ ಹಿಡಿದು ತರಬೇಕು, ಚಿತ್ರ ಬೇಡ. ನೀನು ರೊಟ್ಟಿ ಬಡಿಯುವುದು ರೆಕಾರ್ಡ್ ಆಗಲಿ ಎಂದು ಮೊಬೈಲನ್ನು ಉಪ್ಪಿನ ಡಬ್ಬಿಯ ಹಿಂದೆ ಇಟ್ಟು ನಾನು ಹಿತ್ತಲಿಗೆ ಹೋಗಿದ್ದೆ.

ಹೋದ ಗುರುವಾರ ಅದನ್ನು ಕ್ಲಾಸಿನಲ್ಲಿ ಹಾಕಿದೆ. ಇಪ್ಪತ್ತೆರಡು ಮಂದಿ ಕಣ್ಣು ಮುಚ್ಚಿ ಕೇಳಿದರು. ಏನು ಕಂಡಿತು ಎಂದು ಸರ್ ಕೇಳಿದಾಗ ಎಲ್ಲರೂ ರೊಟ್ಟಿ, ರೊಟ್ಟಿ ಎಂದರು. ಉದ್ಯಮಬಾಗದ ಸಿಮ್ರನ ಒಬ್ಬಳು ಕಣ್ಣು ತೆರೆಯದೆ ಕುಳಿತಿದ್ದಳು. ‘ರೊಟ್ಟಿ ಬಡಿಯೂ ಕೈಯಾಗ ಬಳಿ ಇರತಾವಲ್ರೀ ಸರ್. ಇಲ್ಲಿ ಏಟು ಒಂದ ಕಡಿ, ಬಳಿ ಸಪ್ಪಳ ಇನ್ನೊಂದ ಕಡಿ. ಯಾರೋ ಯಾರನ್ನೋ ಬಡಿಯಾಕತ್ತಾರ’ ಎಂದಳು. ಅವಳ ಅಬ್ಬಾ ಇರುವತನಕ ಅವರ ಮನೆಯಲ್ಲೂ ಅದೇ ಸಪ್ಪಳವಿತ್ತಂತೆ.

ಹಾಸ್ಟೆಲಿಗೆ ಬಂದು ಮತ್ತೆ ಕೇಳಿದೆ. ಒಂಬತ್ತು ಏಟು, ಅವ್ವಾ. ಮೂರನೆಯದಕ್ಕೆ ಬಳೆ ಒಡೆದವು. ಏಳನೆಯದಕ್ಕೆ ನಿನ್ನ ತಲೆ ಕಟ್ಟೆಗೆ ಬಡಿದು ಕೊಡ ಉರುಳಿತು. ಅಪ್ಪ ಒದ್ದದ್ದೂ ಕೇಳಿಸುತ್ತದೆ, ಅದು ಮೆತ್ತಗಿನ ಸಪ್ಪಳ. ನಿನ್ನ ಬಾಯಿಂದ ಒಂದು ಹುಂ ಇಲ್ಲ. ಆಮೇಲೆ ಸ್ವಲ್ಪ ಹೊತ್ತಿಗೆ ಖರೇ ರೊಟ್ಟಿ ಬಡಿಯುವುದು ಶುರುವಾಗುತ್ತದೆ, ಒಂದೇ ಕೈಯ ಬಳೆಯೊಂದಿಗೆ.

ಅದಕ್ಕೇ ಮೊನ್ನೆ ರವಿವಾರ ಸ್ಪೀಕರ್ ಹಿಡಿದುಕೊಂಡು ಖಾನಾಪುರಕ್ಕೆ ಬಂದದ್ದು. ಪಡಸಾಲೆಯಲ್ಲಿ ಬೀರಣ್ಣ ಕಾಕಾ ಮತ್ತಿಬ್ಬರು ಕುಳಿತಿದ್ದು ಒಳ್ಳೆಯದೇ ಆಯಿತು ಅಂದುಕೊಂಡೆ. ಅಪ್ಪ ತಾಲೂಕು ಕಚೇರಿಯ ಮುಂದೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುವವನು. ಗಂಡ ಹೊಡೆಯುತ್ತಾನೆಂದು ಅಳುತ್ತ ಬಂದ ಚಂದ್ರವ್ವನಿಗೆ ಪುಕ್ಕಟೆ ಬರೆದುಕೊಟ್ಟವನೂ ಅವನೇ. ಊರಿಗೆ ಉಪಕಾರಿ, ಮನೆಗೆ ಮಾರಿ. ಮಾರಿಯ ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ಅವರೂ ಕೇಳಲಿ ಎಂದೇ ದೊಡ್ಡದಾಗಿ ಹಾಕಿದೆ.

ಅಪ್ಪನ ಕೈ ವಾಚಿನ ಮೇಲೆ ಹೋದದ್ದನ್ನು ನೀನೂ ನೋಡಿದೆ. ಮಂದಿ ಇದ್ದರು, ಬಿಚ್ಚಲಿಲ್ಲ. ವಾಚು ಇದ್ದ ಕೈಯಿಂದಲೇ ಹೊಡೆದ. ಅದರ ಕೊಂಡಿ ತಾಗಿ ನನ್ನ ತುಟಿ ಹರಿಯಿತು. ಸ್ಪೀಕರನ್ನು ಗೋಡೆಗೆ ಎಸೆದು, ನನ್ನ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಹೊಸ್ತಿಲಿಗೆ ಎಳೆದ. ನಾನು ಅವನ ಮುಂಗೈ ಕಚ್ಚಿ ಹಿಡಿದೆ. ಬಾಯಿ ತುಂಬ ರಕ್ತ, ಅವನದೋ ನನ್ನದೋ ತಿಳಿಯಲಿಲ್ಲ. ರೊಟ್ಟಿಯ ಹೆಂಚು ಕೈಗೆ ಸಿಕ್ಕಿದ್ದರೆ ಅವನ ತಲೆ ಒಡೆಯುತ್ತಿದ್ದೆ. ಹೆತ್ತ ಅಪ್ಪನ ಬಗ್ಗೆ ಹೀಗೆ ಬರೆಯಲು ನನಗೆ ನಾಚಿಕೆ ಇಲ್ಲ.

ಬೀರಣ್ಣ ಕಾಕಾ ನಮ್ಮನ್ನು ಬಿಡಿಸಿ, ನಿನ್ನ ಕಡೆ ತಿರುಗಿ, ‘ಏನವ್ವಾ ಗಂಗಾದೇವಿ, ಇದು ಖರೇನ?’ ಎಂದು ಕೇಳಿದ. ಆಗ ನೀನು ಸೆರಗು ತಲೆಯ ಮೇಲೆ ಎಳೆದುಕೊಂಡು, ‘ರೊಟ್ಟಿ ಬಡಿಯೂ ಸಪ್ಪಳರೀ ಅದು. ಹುಡುಗಿಗೆ ತಿಳೀವಲ್ದು’ ಎಂದೆ. ಅಪ್ಪನ ಏಟಿಗಿಂತ ಅದು ಹೆಚ್ಚು ನೋಯಿಸಿತು. ಮುರಿದ ಸ್ಪೀಕರನ್ನು ಉಡಿಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಅತ್ತೆ.

ಈಗ ಅಳು ಮುಗಿದಿದೆ. ಹೇಳುವುದನ್ನು ಕೇಳು. ಆ ಒಂಬತ್ತು ಏಟಿನಲ್ಲಿ ಒಂದು ಬೇರೆ ಕಡೆ ಬಿದ್ದಿದ್ದರೆ ನಾನು ನಿನ್ನನ್ನು ಮಣ್ಣು ಮಾಡಲು ಬರಬೇಕಿತ್ತು. ಹತ್ತನೆಯದಕ್ಕೆ ಕಾಯಬೇಡ. ಶುಕ್ರವಾರ ಅಪ್ಪ ಕಚೇರಿ ಕಡೆ ಹೋದಮೇಲೆ ಮನೆ ಬಿಡು. ಬಸ್‌ಸ್ಟ್ಯಾಂಡಿಗೆ ಹೋಗಬೇಡ, ಅಲ್ಲಿ ಅರ್ಧ ಮಂದಿ ಅವನಿಂದ ಅರ್ಜಿ ಬರೆಸಿಕೊಂಡವರು. ಬಾಳವ್ವ ಚಿಗವ್ವ ನಿನ್ನನ್ನು ರೈಲಿಗೆ ಹತ್ತಿಸುತ್ತಾಳೆ. ಬೆಳಗಾವಿಗಿಂತ ಮೊದಲೇ, ದೇಸೂರಿನಲ್ಲಿ ಇಳಿ, ಸಿಮ್ರನ ಮತ್ತು ನಾನು ಅಲ್ಲೇ ನಿಂತಿರುತ್ತೇವೆ. ಅವಳ ತಾಯಿ ಶಾಹಜಾನಬಿ ಮೇಲಿನ ಕೋಣೆ ಗುಡಿಸಿ ಇಟ್ಟಿದ್ದಾರೆ. ‘ನಿಮ್ಮವ್ವಗ ಹೇಳ, ಇಲ್ಲಿ ಯಾರೂ ಏನೂ ಕೇಳಂಗಿಲ್ಲ’ ಎಂದಿದ್ದಾರೆ. ದೂರು ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ಬಟ್ಟೆ ತರಬೇಡ, ಬರೀ ನೀನು ಬಾ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿಯೂ ನಿನ್ನ ತಾಳ್ಮೆ ಬಾರದ,
ದಾನೇಶ್ವರಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಪ್ಪ ವಾಚು ಬಿಚ್ಚಿ ಟಿವಿಯ ಬಾಜು ಇಟ್ಟನೆಂದರೆ ಮುಂದೇನು ಎಂದು ಒಂಬತ್ತು ವರ್ಷದವಳಿದ್ದಾಗಿನಿಂದ ನನಗೆ ಗೊತ್ತು. ಆ ದಿನವೂ ಅವನು ಬಿಚ್ಚಿದ್ದನ್ನು ನೋಡಿದೆ, ನೋಡಿಯೇ ಮೊಬೈಲ್ ಇಟ್ಟೆ. ನನ್ನ ಬಾಯಲ್ಲಿ ಬಾರದ ಮಾತು ಬೇರೆ ಯಾರಾದರೂ ಹೇಳಲಿ ಎಂದೇ ಕ್ಲಾಸಿನಲ್ಲಿ ಹಾಕಿದೆ. ನಾನು ಹಿತ್ತಲಿಗೆ ಹೊರಟಾಗ ನೀನು ನನ್ನ ಮುಖ ನೋಡಿದ್ದೆ. ನಾನು ಬಾಗಿಲು ಮುಂದೆ ಮಾಡಿಕೊಂಡು ಹೋದೆ. ಆಮೇಲೆ ನೀನು ಕರೆದಾಗ ಬಂದು, ಆ ರೊಟ್ಟಿ ಎರಡು ತಿಂದೆ.