ಒಂದು ಹಿಡಿ ಸೋಪಿನ ಪುಡಿ

ಭಾವನವರಿಗೆ ನಾದಿನಿಯ ನಮಸ್ಕಾರ.

ಇದು ಮೂರನೆಯ ಹಾಳೆ, ಮೊದಲಿನೆರಡನ್ನು ಹರಿದೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಸೋಮವಾರದೊಳಗೆ ನೀವು ಒಂದು ಕೆಲಸ ಮಾಡಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ತಾಮ್ರದ ಲೇಪ ಕೊಡುವ ನಮ್ಮ ಕಾರ್ಖಾನೆಯಲ್ಲಿ, ಸಾಮಾನು ತೊಳೆದ ನೀರಿನ ತೊಟ್ಟಿಯ ಮುಂದೆ ಮೊದಲ ದಿನ ನನ್ನನ್ನು ನಿಲ್ಲಿಸಿ, “ಇದ್ರಲ್ಲಿ ತಾಮ್ರ ಎಲ್ಲಿದೆ, ತೋರ್ಸು ನೋಡೋಣ” ಎಂದಿರಿ. ನನಗೆ ನೀರಷ್ಟೇ ಕಂಡಿತು. “ಕರಗಿರೋದು ಸೋಸಿದ್ರೆ ಸಿಗಲ್ಲ ಕಣಮ್ಮಾ, ಗುಳ್ಳೆ ಮೇಲೆ ಕೂರಿಸ್ಕೊಂಡು ಮೇಲಕ್ಕೆ ತರ್ಬೇಕು” ಎಂದು ಅಳೆದು ಔಷಧಿ ಬಿಟ್ಟಿರಿ, ತಳದಿಂದ ಗಾಳಿ ಊದಿಸಿದಿರಿ. ಔಷಧಿ ತಾಮ್ರವನ್ನು ಹಿಡಿಯಿತು, ಗುಳ್ಳೆ ಎರಡನ್ನೂ ಹೊತ್ತು ತಂದಿತು. ಮೇಲೆದ್ದ ತಿಳಿನೀಲಿ ನೊರೆಯನ್ನು ಕೆನೆ ತೆಗೆದ ಹಾಗೆ ತೆಗೆದು, “ಎತ್ತರ ನೋಡ್ಬೇಡ, ಬಣ್ಣ ನೋಡು” ಎಂದಿರಿ.

ಅದನ್ನೇ ಮರೆತೆ. ಅನಾಹುತವಾದ ದಿನ ತಪಾಸಣೆಗೆ ಬರುವವರಿದ್ದರು, ನೊರೆ ಸೊರಗಿತ್ತು. ಔಷಧಿಯೂ ಸೋಪಿನ ಜಾತಿಯದೇ ತಾನೇ ಎಂದುಕೊಂಡು, ಕೈ ತೊಳೆಯುವಲ್ಲಿದ್ದ ಸೋಪಿನ ಪುಡಿಯನ್ನು ಒಂದು ಹಿಡಿ ಸುರಿದೆ. ನೊರೆ ಬೆಳ್ಳಗೆ ಮೊಳದುದ್ದ ಉಕ್ಕಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಹೊಳೆಯಲಿಲ್ಲ. ಗುಳ್ಳೆಗಳನ್ನೆಲ್ಲ ಸೋಪೇ ಆಕ್ರಮಿಸಿಕೊಂಡಿತ್ತು, ತಾಮ್ರ ನೀರಿನಲ್ಲೇ ಉಳಿದಿತ್ತು. “ಚೆನ್ನಾಗಿ ಬಂದಿದೆ ಭಾವ” ಎಂದೆ. ನನ್ನ ಮಾತು ನಂಬಿ ನೀರು ಹೊರಬಿಡಲು ರುಜು ಹಾಕಿದಿರಿ. ಪರೀಕ್ಷೆಯ ವರದಿ ಬರುವಷ್ಟರಲ್ಲಿ ನೀರು ಕಾಲುವೆ ಸೇರಿತ್ತು. ತೀರ್ಮಾನವಾಗುವವರೆಗೆ ಕೆಲಸಕ್ಕೆ ಬರಬೇಡಿ ಎಂದು ನಿಮ್ಮನ್ನು ಮನೆಗೆ ಕಳಿಸಿದರು.

ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಭಾನುವಾರ ನಾನು ನಿಮ್ಮ ಮನೆಗೆ ಊಟಕ್ಕೆ ಬಂದಾಗ ಅಕ್ಕ, “ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡೋ ಮನುಷ್ಯ, ಅವತ್ತೇನು ನಿದ್ದೆ ಮಾಡ್ತಿದ್ರಾ?” ಎಂದು ನಿಮ್ಮನ್ನು ಬೈದಳು. ನಾನು ತಟ್ಟೆ ನೋಡುತ್ತ ಕೂತೆ. ನನ್ನ ಮೇಲೆ ನನಗೇ ಅಸಹ್ಯ. ಇವತ್ತು ತಡೆಯಲಾರದೆ ಮ್ಯಾನೇಜರಿಗೆ ಎಲ್ಲ ಬರೆದುಕೊಟ್ಟೆ. ಅವರು ಓದಿ, “ಒಂದು ಹಿಡಿ ಪುಡೀನ ಎಷ್ಟು ಜನ ಹಾಕ್ತೀರಮ್ಮಾ?” ಎಂದು ಕಡತದಿಂದ ನಿಮ್ಮ ಕಾಗದ ತೆಗೆದು ತೋರಿಸಿದರು. ಪುಡಿ ಹಾಕಿದ್ದು ನೀವೇ ಎಂದು ವರದಿ ಬಂದ ದಿನವೇ ಬರೆದುಕೊಟ್ಟಿದ್ದೀರಿ.

ತೊಟ್ಟಿಯ ಅಂಚಿನಲ್ಲಿ ಚೆಲ್ಲಿದ್ದ ಪುಡಿ ಆಮೇಲೆ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಗೊತ್ತಿದ್ದೂ ಬೈಗುಳ ನುಂಗಿಕೊಂಡು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಿರಿ. ಭಾವ, ಈ ಉಪಕಾರ ನನಗೆ ಬೇಡ. ಸಿಟ್ಟು ಬರುತ್ತಿದೆ, ಅಳುವೂ ಬರುತ್ತಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ನೀವೇಕೆ ಉಣ್ಣಬೇಕು? ಸೋಮವಾರ ತೀರ್ಮಾನವಂತೆ, ಅಷ್ಟರೊಳಗೆ ಇಬ್ಬರಲ್ಲೊಬ್ಬರು ಕಾಗದ ಹಿಂದಕ್ಕೆ ತೆಗೆದುಕೊಳ್ಳಬೇಕಂತೆ. ನಾನಂತೂ ತೆಗೆದುಕೊಳ್ಳುವುದಿಲ್ಲ, ನಿಮ್ಮದನ್ನು ನೀವೇ ತೆಗೆದುಕೊಳ್ಳಬೇಕು.

ನೀವೂ ಹಟ ಹಿಡಿಯುತ್ತೀರಿ ಎಂದು ಗೊತ್ತು. ಅದಕ್ಕೇ ಈ ಪತ್ರವನ್ನು ಅಕ್ಕನ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ.

ಬೇಕಾದಷ್ಟು ಬೈಯಿರಿ, ಆಮೇಲೆ ಆಶೀರ್ವಾದ ಮಾಡಿ.

ನಿಮ್ಮ ನಾದಿನಿ