ಬಿಸಿ ಇಂಜಿನ್ನಿನ ಕೀ

16-11-2003, ಭಾನುವಾರ

ತಾರಿಣಿಯ ಕಾರು ಕೆಟ್ಟದ್ದು ನನ್ನಿಂದ. ಈ ಡೈರಿಯಲ್ಲಾದರೂ ನಿಜ ಬರೆಯುತ್ತೇನೆ.

ಯಸಳೂರಿನ ಹತ್ತಿರ ರ‍್ಯಾಲಿಯ ಮೊದಲ ಸುತ್ತು ಮುಗಿಸಿ ಬಂದ ನನ್ನ ಅಣ್ಣನ ಮಗಳು ತಾರಿಣಿ, ಇಂಜಿನ್ ಆಫ್ ಮಾಡದೆ ನೀರು ಕುಡಿಯಲು ಇಳಿದಳು. ಖಾಲಿ ಕಾರು ಸುಮ್ಮನೆ ಪೆಟ್ರೋಲ್ ಕುಡಿಯುತ್ತಿದೆಯಲ್ಲ ಎಂದು ಕೀ ತಿರುಗಿಸಿಬಿಟ್ಟೆ. ಇಳಿಜಾರು ಸಿಕ್ಕರೆ ಓಡುತ್ತಿರುವ ಜೀಪನ್ನೇ ಆಫ್ ಮಾಡುವ ಕೈ ಇದು.

ತನ್ನ ಕಾರಿನಲ್ಲಿರುವ ಟರ್ಬೋ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಚಕ್ರ, ಅದು ತಣಿಯುವವರೆಗೆ ಇಂಜಿನ್ ಓಡುತ್ತಾ ಆಯಿಲ್ ಹರಿಯುತ್ತಿರಬೇಕು ಅಂತ ಮೊನ್ನೆಯೇ ಹೇಳಿದ್ದಳು. "ರೇಸಿನೋರು ಎಷ್ಟೋ ಇಂಜಿನ್ ಸುಟ್ಕೊಂಡು ಕಲ್ತಿದ್ದು ಚಿಕ್ಕಪ್ಪ." "ನಂಗೇ ಪಾಠ ಹೇಳ್ತೀಯೇನೇ?" ಅಂತ ನಕ್ಕಿದ್ದೆ.

ಎರಡನೇ ಸುತ್ತಿನಲ್ಲಿ ನೀಲಿ ಹೊಗೆ ಬಂದು ಕಾರು ನಿಂತಿತು. "ಯಾರ‍್ರೀ ಬಿಸಿ ಗಾಡಿ ಆಫ್ ಮಾಡಿದ್ದು?" ಅಂದ ಮೆಕ್ಯಾನಿಕ್ ರಿಹಾನ್.

ತಾರಿಣಿ ನನ್ನ ಮುಖ ನೋಡಿ, "ನಾನೇ ಕಣೋ, ಮರ‍್ತ್‌ಬುಟ್ಟೆ" ಅಂದಳು.

"ಇಷ್ಟೂ ಗೊತ್ತಿಲ್ವಾ ಮಾರಾಯ್ತಿ!" ಎಲ್ಲರೆದುರೂ ಬೈದ. ನಾನು ನಿಂತು ಕೇಳಿದೆ.

ವಾಪಸ್ ಬರುವಾಗ ಇಳಿಜಾರಿನಲ್ಲಿ ಕೈ ತಾನಾಗಿ ಜೀಪಿನ ಕೀಗೆ ಹೋಯಿತು. "ಇದಕ್ಕೇನೂ ಆಗಲ್ಲ, ಆಫ್ ಮಾಡಿ ಚಿಕ್ಕಪ್ಪ" ಅಂದಳು, ಮೆಲ್ಲಗೆ.

ಮಾಡಲಿಲ್ಲ. ಸದ್ದು ನಿಂತರೆ ನಾನು ಮಾತಾಡಬೇಕಾಗುತ್ತಿತ್ತು.