ಪರದೆಯ ಮೂಲೆಯಲ್ಲಿ ಅನಘಾ

ಸೌತ್ ಬಿ, ನೈರೋಬಿ
ಸೋಮವಾರ, ೧೮ ಆಗಸ್ಟ್ ೨೦೨೫

ಪ್ರೀತಿಯ ಮಗಳೇ, ಅನೂ,

ಹೇಗಿದ್ದೀಯ? ಮಣಿಕಟ್ಟಿನ ನೋವು ಇಳಿಯಿತೇ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ನಿನ್ನಮ್ಮನ ಹಾಗೆ ಕೈ ಕೊಡವಿಕೊಂಡು ಓಡಾಡುತ್ತಿದ್ದೀಯೋ? ನಾವು ಚೆನ್ನಾಗಿದ್ದೇವೆ. ಇಲ್ಲಿನ ಆಗಸ್ಟ್ ಚಳಿಗೆ ನಾನು ಸ್ವೆಟರ್ ಬಿಚ್ಚಿಲ್ಲ. ನಿನ್ನ ತಮ್ಮ ಚೇತನ್ ವೆಸ್ಟ್‌ಲ್ಯಾಂಡ್ಸ್ ಟ್ರಾಫಿಕ್ಕಿನಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ಸಾರು ಎರಡು ಸಲ ಬಿಸಿಯಾಗಿರುತ್ತದೆ. ವಿಡಿಯೊ ಕರೆಯಲ್ಲಿ ತಾಯಿ ಮಗಳ ನಾಲ್ಕು ಕೈಗಳ ಮಾತಿನ ಮಧ್ಯೆ ನನಗೆ ಜಾಗವೇ ಸಿಗುವುದಿಲ್ಲ. ಅದಕ್ಕೇ ಈ ಕಾಗದ.

ಹೋದ ವಾರ ನೀನು ಚೇತನ್‌ಗೆ ಬರೆದದ್ದನ್ನು ಓದಿದೆ. ಕೆಲಸ ಬಿಟ್ಟು ಯಾವುದೋ ಇನ್ಶೂರೆನ್ಸ್ ಕಂಪನಿಗೆ ಸೇರುತ್ತೀಯಂತೆ, ಈ ಶುಕ್ರವಾರದೊಳಗೆ ಅವರಿಗೆ ಉತ್ತರ ಕೊಡಬೇಕಂತೆ. ಟೀವಿಯ ಮೂಲೆಯಲ್ಲಿ ನಿಂತು ಕಿವುಡರಿಗಾಗಿ ಕೈಸನ್ನೆಯಲ್ಲಿ ಮಾತು ಹೇಳುವ ನಿನ್ನನ್ನು ಯಾರೂ ನೋಡುವುದಿಲ್ಲ, ಬರುವ ಪತ್ರಗಳೆಲ್ಲ ‘ಆ ಹೆಂಗಸು ಚಿತ್ರಕ್ಕೆ ಅಡ್ಡ’ ಎಂಬ ದೂರುಗಳೇ ಎಂದು ಬರೆದಿದ್ದೀಯ. ಓದಿ ಮೈ ಉರಿಯಿತು. ಮೂಲೆ ಎಂಬ ಮಾತೇ ನನಗೆ ಆಗುವುದಿಲ್ಲ. ನಮ್ಮವರನ್ನು ಹೋಟೆಲಿನ ಮೂಲೆಗೆ, ಶಾಲೆಯ ಮೂಲೆಗೆ, ಊರಿನ ಮೂಲೆಗೆ ತಳ್ಳಿದವರ ವಿರುದ್ಧ ತಮಟೆ ಹಿಡಿದು ಗಂಟಲು ಹರಿದುಕೊಂಡವನು ನಾನು. ‘ಉಗಿದು ಬಿಟ್ಟು ಬಾ’ ಎಂದು ಬರೆಯಲು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ನಿನ್ನೆಯ ಭಾನುವಾರ ಬಂತು.

ಅಂದು ಬೆಳಗಿನಿಂದ ಸಂಜೆಯವರೆಗೆ ಕುಟುಂಬದವರೆಲ್ಲ ಕೂತು ನೋಡುವ ಕಾರ್ಯಕ್ರಮಗಳು, ಎಲ್ಲದರಲ್ಲೂ ನೀನೇ ಎಂದು ಹೇಳಿದ್ದೆಯಲ್ಲ, ಚೇತನ್ ತನ್ನ ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ ನೀನು ಕೆಲಸ ಮಾಡುವ ಆ ಬ್ರಿಟಿಷ್ ಚಾನೆಲ್ ಹಾಕಿಕೊಟ್ಟ. ಅಮ್ಮ ಬೆಳಿಗ್ಗೆಯೇ ತಲೆಸ್ನಾನ ಮಾಡಿ ಹಸಿರು ಸೀರೆ ಉಟ್ಟು ಕೂತಳು. ಮೊದಲು ಗೊಂಬೆಯಾಟ, ಆಮೇಲೆ ಮನೆಮಂದಿಯೆಲ್ಲ ಸೇರಿ ಕೇಕ್ ಮಾಡುವ ಪಂದ್ಯ. ಪಕ್ಕದ ಮನೆಯ ಲೊರೆಟ್ಟಾಬಾಯಿ ಚರ್ಚು ಮುಗಿಸಿಕೊಂಡು, ಸಾನ್ನ ಇಡ್ಲಿ ಮತ್ತು ಕೋಳಿ ಸಾರಿನ ಡಬ್ಬಿ ಹಿಡಿದು ಬಂದವರು ಸೋಫಾದಲ್ಲಿ ಕೂತ ಕೂಡಲೇ, “ಚೇತನ್, ಆ ಮೂಲೆಯ ಹುಡುಗಿಯನ್ನು ತೆಗೀಲಿಕ್ಕೆ ಆಗುದಿಲ್ವಾ ಮಾರಾಯಾ? ಕೇಕೇ ಕಾಣುದಿಲ್ಲ” ಎಂದರು. “ಆಗಲ್ಲ ಆಂಟಿ, ಅದು ನಮ್ಮಕ್ಕ” ಎಂದ ಇವನು. ಆ ತಾಯಿ ಎದ್ದು ಪರದೆಗೆ ಮೂಗು ತಾಗಿಸಿ ನೋಡಿ, “ದೇವಾ! ಮುಂಚೆ ಹೇಳ್ಲಿಕ್ಕೆ ಏನಾಗಿತ್ತು ನಿಮಗೆ? ಕೇಕ್ ಹಾಳಾಗಿ ಹೋಗ್ಲಿ” ಎಂದು ಅಮ್ಮನ ಪಕ್ಕಕ್ಕೇ ಜರುಗಿ ಕೂತರು. ಅಲ್ಲಿಂದ ಮುಂದೆ ಕೇಕು ಉಬ್ಬಿತೋ ಕುಸಿಯಿತೋ ನಮಗೆ ಯಾರಿಗೂ ಗೊತ್ತಿಲ್ಲ.

ಸಂಜೆ ಅಜ್ಜಿ-ಮೊಮ್ಮಕ್ಕಳ ಕ್ವಿಜ್ ನಡೆಯುತ್ತಿದ್ದಾಗ ಟೀವಿಯ ಶಬ್ದ ನಿಂತುಹೋಯಿತು. ಚಿತ್ರ ಓಡುತ್ತಿದೆ, ಸದ್ದಿಲ್ಲ. ಚೇತನ್ ವೈರುಗಳನ್ನು ಕಿತ್ತು ಹಾಕಿ ಮಾಡುತ್ತಿದ್ದ, ಲೊರೆಟ್ಟಾಬಾಯಿ ರಿಮೋಟಿಗೆ ಹೊಡೆಯುತ್ತಿದ್ದರು. ಆಗ ಅಮ್ಮ ಬಿದ್ದು ಬಿದ್ದು ನಗತೊಡಗಿದಳು. ಹುಟ್ಟಿದಾಗಿನಿಂದ ಒಂದು ಸದ್ದನ್ನೂ ಕೇಳದವಳು! ನಮ್ಮಲ್ಲಿ ಅವಳೊಬ್ಬಳೇ ನಿನ್ನಿಂದ ಕಲಿತ ಬ್ರಿಟನ್ನಿನ ಸನ್ನೆಗಳನ್ನೆಲ್ಲ ಬಳಸಿಕೊಂಡು, ನಿನ್ನ ಬೆರಳು, ನಿನ್ನ ಹುಬ್ಬು ಒಂದನ್ನೂ ಬಿಡದೆ ಓದುತ್ತಿದ್ದಳು. ಕಿವಿ ಇರುವ ನಾವು ಮೂವರೂ ಪೆಚ್ಚುಪೆಚ್ಚಾಗಿ ಅವಳ ಮುಖ ನೋಡಿದೆವು. “ಏನಂತೆ? ಏನಂದಳಂತೆ?” ಎಂದು ನಾನು ಕೈಯಾಡಿಸಿ ಕೇಳಿದೆ. ಅಮ್ಮ ಪರದೆಯಿಂದ ಕಣ್ಣು ಕೀಳದೆ ನನ್ನ ಕಡೆ ಒಂದು ಬೆರಳು ತೋರಿಸಿದಳು: ‘ತಾಳಿ, ಆಮೇಲೆ ಹೇಳ್ತೀನಿ.’

ಅನೂ, ಮದುವೆ ಮನೆಗಳಲ್ಲಿ, ಆಸ್ಪತ್ರೆಯಲ್ಲಿ, ನಮ್ಮ ಸಂಘಟನೆಯ ಸಭೆಗಳಲ್ಲಿ ಕೂಡ, ಎಲ್ಲರೂ ನಗುವಾಗ ‘ಯಾಕೆ’ ಎಂದು ಕೇಳಿದ ಅವಳಿಗೆ ಲೋಕ ಕೊಟ್ಟ ಉತ್ತರ ಇದೊಂದೇ ಆಗಿತ್ತು. ಆ ‘ಆಮೇಲೆ’ ಯಾವತ್ತೂ ಬಂದದ್ದಿಲ್ಲ. ನಿನ್ನೆ ಅವಳು ನಮ್ಮನ್ನು ಪೂರ್ತಿ ಸತಾಯಿಸಲಿಲ್ಲ, ದೊಡ್ಡ ಮನಸ್ಸು ಮಾಡಿದಳು. ಮೊಮ್ಮಗ ತಪ್ಪು ಉತ್ತರ ಕೊಟ್ಟನಂತೆ, ಅಜ್ಜಿ ‘ಈ ಬುದ್ಧಿ ಇವನ ಅಪ್ಪನ ಮನೆ ಕಡೆಯದು’ ಎಂದಳಂತೆ. ಅಮ್ಮ ಕೈಯಲ್ಲಿ ಹೇಳಿದ್ದನ್ನು ನಾನು ಬಾಯಲ್ಲಿ ಹೇಳಿದೆ. ಲೊರೆಟ್ಟಾಬಾಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಶಬ್ದ ಸರಿಹೋದ ಮೇಲೂ “ಇರ್ಲಿ ಬಿಡಿ, ನಿರುಪಮಾ ಹೇಳ್ಲಿ” ಎಂದು ಶಬ್ದವನ್ನೇ ಆರಿಸಿಬಿಟ್ಟರು. ಕೊನೆಯವರೆಗೂ ನಮಗೆ ಟೀವಿ ಹೇಳಿದ್ದು ನಿನ್ನಮ್ಮ.

ನಮ್ಮ ದೇಶವನ್ನೂ ಈ ದೇಶವನ್ನೂ ಹಿಂಡಿದವರ ಚಾನೆಲ್ಲಿಗೆ ನಾನು ಕೃತಜ್ಞತೆ ಹೇಳುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೇಳುತ್ತಿದ್ದೇನೆ. ಆದರೆ ಅದಕ್ಕೂ ಮೊದಲ ಕೃತಜ್ಞತೆ ಅಲ್ಲಿನ ಕಿವುಡರಿಗೆ. ಆ ಅಂಗೈಯಗಲದ ಜಾಗವನ್ನು ಯಾರೂ ಕರುಣೆಯಿಂದ ಕೊಟ್ಟಿಲ್ಲ, ಅವರು ಜಗಳವಾಡಿ ಪಡೆದದ್ದು. ತಳ್ಳಿಸಿಕೊಂಡ ಮೂಲೆ ಬೇರೆ, ಗೆದ್ದುಕೊಂಡ ಮೂಲೆ ಬೇರೆ. ಇದನ್ನು ಊರೂರು ಸುತ್ತಿ ಭಾಷಣ ಬಿಗಿದ ನನಗೆ ತಿಳಿಸಿಕೊಟ್ಟವಳು ನೀನು. ನಿನಗೆ ದೊಡ್ಡ ನಮಸ್ಕಾರ, ಮಗಳೇ. ಅಪ್ಪ ಮಗಳಿಗೆ ನಮಸ್ಕಾರ ಮಾಡಬಾರದು ಎನ್ನುವವರು ಬೇಕಾದರೆ ಬಂದು ನನ್ನ ಜೊತೆ ಜಗಳವಾಡಲಿ.

ನಿನ್ನ ಹತ್ತು ಬೆರಳೂ ತಣ್ಣಗಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ತಮ್ಮ ನಿನ್ನನ್ನು ಕೇಳಿದ್ದಾನೆ, ಲೊರೆಟ್ಟಾಬಾಯಿ ಮುತ್ತು ಕಳಿಸಿದ್ದಾರೆ.

ನಿನ್ನ ಅಪ್ಪ,
ಸದಾಶಿವ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಚೇತನ್ ಕಾಗದವನ್ನು ಅರ್ಜೆಂಟ್ ಕೊರಿಯರಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ. ಕೆಲಸ ಬಿಡುವುದು ಬಿಡದಿರುವುದು ನಿನ್ನ ಹಕ್ಕು, ನಾನು ಅಡ್ಡ ಬರುವುದಿಲ್ಲ. ಆದರೆ ಶುಕ್ರವಾರಕ್ಕೆ ಮುಂಚೆ ನಿನಗೆ ಗೊತ್ತಿರಬೇಕು: ಇವತ್ತು ಬೆಳಿಗ್ಗೆ ಅಮ್ಮ ಆ ಚಾನೆಲ್ಲಿಗೆ ಒಂದು ದೂರು ಬರೆಸಿ ಕಳಿಸಿದ್ದಾಳೆ. ಸನ್ನೆ ಮಾಡುವ ಹುಡುಗಿಯನ್ನು ತೀರಾ ಚಿಕ್ಕದಾಗಿ ತೋರಿಸುತ್ತೀರಿ, ಬೆರಳು ನೋಡಿ ನೋಡಿ ಕಣ್ಣು ನೋಯುತ್ತದೆ, ಅರ್ಧ ಪರದೆ ಅವಳಿಗೆ ಬಿಟ್ಟುಕೊಡಿ ಎಂದು. ‘ನಾನು ಅವಳ ತಾಯಿ’ ಎಂದು ಚೇತನ್ ಸೇರಿಸಹೊರಟರೆ ಅವನ ಕೈ ತಟ್ಟಿ ಅಳಿಸಿಹಾಕಿಸಿದಳು. ಕೆಳಗೆ ಹೀಗಷ್ಟೇ ಹಾಕಿಸಿದಳು: ನಿರುಪಮಾ, ವೀಕ್ಷಕಿ, ನೈರೋಬಿ.